ನಮ್ಮ ಅಳಿಯಂದಿರ ಡಬ್ಬಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಗದಗ ಜಂಕ್ಷನ್ನಿನಿಂದ ಮುಂಜಾನೆ ಹುಬ್ಬಳ್ಳಿಗೆ ಹೊರಡುತ್ತಿದ್ದ ಪ್ಯಾಸೆಂಜರ್ ಗಾಡಿಯಲ್ಲಿ ಎರಡೇ ಜಾತಿಯ ಜನ ಇದ್ದರು. ಕುಳಿತವರು ಮತ್ತು ನಿಂತವರು. ಉಳಿದ ಜಾತಿಗಳೆಲ್ಲ ಟಿಕೀಟಿನ ಕಿಟಕಿಯ ತನಕ. ಡಬ್ಬಿಯೊಳಗೆ ಕಾಲಿಟ್ಟ ಮೇಲೆ ಕುಳಿತವನ ಗತ್ತೇ ಬೇರೆ, ನಿಂತವನ ಪಾಡೇ ಬೇರೆ. ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಕಾರಕೂನರಾಗಿದ್ದ ಮಾರ್ತಾಂಡರಾಯರು ಪಕ್ಕಾ ನಿಂತವರ ಜಾತಿ. ನೌಕರಿ ಸೇರಿದಾಗಿನಿಂದ ಅವರು ಆ ಗಾಡಿಯಲ್ಲಿ ಕುಳಿತದ್ದನ್ನು ಕಂಡವರಿಲ್ಲ. ಅವರ ಬುತ್ತಿಯ ಚೀಲ ಕುಳಿತದ್ದುಂಟು, ಯಾರದೋ ಪುಣ್ಯವಂತರ ತೊಡೆಯ ಮೇಲೆ. ರಾಯರು ಮಾತ್ರ ಸಂಡಾಸದ ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತೇ ಹೋಗಿ ನಿಂತೇ ಬರುತ್ತಿದ್ದರು.

ಕುಳಿತವರ ಜಾತಿಗೆ ಸೇರಲು ಒಂದೇ ದಾರಿ, ಟವೆಲ್ಲು. ಖಾಲಿ ಗಾಡಿ ಹಿಂದುಹಿಂದಕ್ಕೆ ಸರಿಯುತ್ತ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆಯೇ ಜನ ಅದರ ಜೊತೆಗೆ ಓಡುತ್ತ ಕಿಟಕಿಯ ಸರಳುಗಳ ಸಂದಿಯಿಂದ ಟವೆಲ್ಲು ಒಗೆಯುತ್ತಿದ್ದರು. ಟವೆಲ್ಲು ಬಿದ್ದ ಜಾಗ ಟವೆಲ್ಲಿನವನದು. ಇದನ್ನು ಯಾವ ಸರಕಾರವೂ ಬರೆದಿಟ್ಟಿರಲಿಲ್ಲ, ಆದರೆ ಸರಕಾರ ಬರೆದಿಟ್ಟ ಕಾನೂನಿಗಿಂತ ಇದಕ್ಕೆ ಮರ್ಯಾದೆ ಹೆಚ್ಚಿತ್ತು. ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಕೂಡ ಒಬ್ಬರ ಟವೆಲ್ಲನ್ನು ಒಬ್ಬರು ಸರಿಸುತ್ತಿರಲಿಲ್ಲ.

ರಾಯರಿಗೆ ಇದ್ದ ತೊಂದರೆ ಎರಡು. ಒಂದು, ಅವರ ಕೈಗೆ ಗುರಿ ಎಂಬುದು ಗೊತ್ತಿರಲಿಲ್ಲ. ಒಮ್ಮೆ ಅವರು ಒಗೆದ ಟವೆಲ್ಲು ಡಬ್ಬಿಯನ್ನು ದಾಟಿ ಆಚೆ ಕಿಟಕಿಯಿಂದ ಹಳಿಯ ಮೇಲೆ ಬಿತ್ತು. ಇನ್ನೊಮ್ಮೆ ನಿದ್ದೆಹೋಗಿದ್ದ ಮುಂಡರಗಿಯ ಪೊಲೀಸನೊಬ್ಬನ ಮುಖದ ಮೇಲೆ ಬಿತ್ತು. ಅವನು ಎಚ್ಚರಾಗಿ, ಬೆವರು ಒರೆಸಿಕೊಂಡು, ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ಪೊಲೀಸರ ಕಿಸೆಯಿಂದ ಟವೆಲ್ಲು ಕೇಳುವ ಧೈರ್ಯ ರಾಯರ ವಂಶದಲ್ಲೇ ಇರಲಿಲ್ಲ. ಎರಡನೆಯ ತೊಂದರೆ, ಅಪ್ಪಿತಪ್ಪಿ ಗುರಿ ತಾಗಿದರೂ ಎಲ್ಲರ ಟವೆಲ್ಲೂ ಬಿಳಿಯೇ. "ಇದು ನಂದು" ಎಂದು ಗಟ್ಟಿದನಿಯಲ್ಲಿ ಹೇಳಿದವನಿಗೆ ಜಾಗ. ರಾಯರ ದನಿ ಅವರ ಮೀಸೆಯನ್ನು ದಾಟಿ ಹೊರಗೆ ಬರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ ಲಕ್ಷ್ಮೇಶ್ವರದಲ್ಲಿ ಅವರಿಗೊಬ್ಬ ಅತ್ತೆ ಇದ್ದರು. ಸುಂದರಾಬಾಯಿಯವರದು ಗುಡಿಯ ಸೇವೆಯ ಮನೆತನ. ಗುಡಿಯ ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಮದುವೆಯಾಗಿ ಬಂದಾಗಿನಿಂದ ಅವರೇ ಹೇಳುತ್ತ ಬಂದವರು. ಹೆಣ್ಣು ನೋಡಲು ಹೋದ ದಿನ ಮಾರ್ತಾಂಡರಾಯರು ಯಾರೂ ಕೂಡ್ರು ಅನ್ನಲಿಲ್ಲವೆಂದು ಉಪ್ಪಿಟ್ಟು ಮುಗಿಯುವ ತನಕ ಪಡಸಾಲೆಯ ಕಂಬಕ್ಕೆ ಆತು ನಿಂತೇ ಇದ್ದರು. "ಹುಡುಗ ಒಳ್ಳೆಯಾಂವ. ಆದರ ಕುಂಡ್ರಲಿಕ್ಕೂ ಇವಗ ಯಾರರೆ ಹೇಳಬೇಕು ನೋಡು," ಎಂದಿದ್ದರು ಸುಂದರಾಬಾಯಿ. ಆ ಮಾತು ರಾಯರ ಮದುವೆಯಲ್ಲಿ ಅವರ ಜೊತೆಗೆ ಮನೆ ಹೊಕ್ಕಿತು. ಪ್ರತಿ ದೀಪಾವಳಿಗೂ ಹೆಂಡತಿಯ ಅಣ್ಣ, ಸಾಲಿ ಮಾಸ್ತರ ಅನಂತರಾವ್ ಅದನ್ನು ಎಣ್ಣೆನೀರಿನ ಜೊತೆಗೇ ಅಳಿಯನ ತಲೆಗೆ ಹಾಕುತ್ತಿದ್ದ.

ಹೀಗಿರಲು ಒಂದು ರವಿವಾರ ರಾಯರಿಗೆ ಬುದ್ಧಿಯೊಂದು ಹೊಳೆಯಿತು. ಎದ್ದವರೇ ಬೆಟಗೇರಿಗೆ ಹೋಗಿ, ಗುರುತಿನ ನೇಕಾರ ಪುಂಡಲೀಕಪ್ಪನ ಮಗ್ಗದ ಮುಂದೆ ನಿಂತರು.

"ಪುಂಡಲೀಕಪ್ಪ, ನನಗೊಂದು ಟವೆಲ್ಲು ಬೇಕು. ಗಿಳಿಹಸರ ಮೈ. ಸೀರಿಗೆ ಹಾಕತೀಯಲ್ಲಾ, ಅಂಥಾ ಅಗಲ ಕೆಂಪು ದಡಿ. ದೂರಿಂದ ನೋಡಿದ್ರೂ ಇದು ಮಾರ್ತಾಂಡರಾಯರದು ಅಂತ ಗೊತ್ತಾಗಬೇಕು."

"ಒಂದ ಟವೆಲ್ಲೇನ್ರಿ ರಾಯರ?"

"ಒಂದೇ. ಇಂಥಾದ್ದು ಮತ್ತೊಬ್ಬರ ಹೆಗಲ ಮ್ಯಾಲೆ ಕಾಣಬಾರದು."

ಪುಂಡಲೀಕಪ್ಪ ಏನೋ ಹೇಳಲು ಬಾಯಿ ತೆರೆದ. ಬಾಯಿ ತುಂಬ ಎಲೆಅಡಿಕೆ ಇತ್ತು. ಎದ್ದು ಹೋಗಿ ಉಗುಳಿ ಬರುವುದು ಬೇಸರವೆನಿಸಿ ಸುಮ್ಮನೆ ತಲೆ ಆಡಿಸಿದ. ಮುಂದಿನ ಅನಾಹುತಕ್ಕೆಲ್ಲ ಆ ಒಂದು ತಾಂಬೂಲವೇ ಕಾರಣ.

ಹೊಸ ಟವೆಲ್ಲು ಹೊತ್ತು ರಾಯರು ಟೇಶನ್ನಿಗೆ ಬಂದ ದಿನ, ಜೊತೆಯ ಪಯಣಿಗ ಮಹಬೂಬಸಾಬ ಅದನ್ನು ಮುಟ್ಟಿ ನೋಡಿದ. ಹುಬ್ಬಳ್ಳಿಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದ ಅವನಷ್ಟು ಚೆನ್ನಾಗಿ ಟವೆಲ್ಲು ಒಗೆಯುವವರು ಆ ಪ್ಲಾಟ್‌ಫಾರ್ಮಿನಲ್ಲಿ ಇರಲಿಲ್ಲ.

"ರಾಯರ, ಇದನ್ನ ಒಗಿಯಾಕ ತಂದೀರೋ, ಉಡಿ ತುಂಬಾಕ ತಂದೀರೋ?" ಎಂದ. ಆಮೇಲೆ ಕನಿಕರ ಬಂದು, "ಕೊಡ್ರಿ ಇಲ್ಲೆ, ಇವತ್ತೊಂದಿನ ನಾ ಒಗೀತೇನಿ," ಎಂದು ಒಗೆದ. ಅದು ನೇರವಾಗಿ ಕಿಟಕಿಯ ಪಕ್ಕದ ಜಾಗದ ಮೇಲೆ ಹಾಸಿದಂತೆ ಬಿತ್ತು.

ಒಳಗೆ ಹುಲಕೋಟಿಯ ಮುದುಕನೊಬ್ಬ ಅದನ್ನು ನೋಡಿದವನೇ, "ಸರೀರಿ, ಸರೀರಿ, ಹೆಣ್ಣಮಗಳ ವಸ್ತ್ರ ಐತಿ. ಯಾರೋ ಹೊಸಾ ಸೊಸಿ ಬರತಾಳ," ಎಂದು ಎಡಬಲದವರನ್ನೆಲ್ಲ ದೂರ ಸರಿಸಿದ. ಆಗ ನುಸುಳುತ್ತ ಬಂದ ಮಾರ್ತಾಂಡರಾಯರು ಅಲ್ಲಿ ಕುಳಿತರು. ಜನ ರಾಯರನ್ನು ನೋಡಿದರು, ರಾಯರ ಹಿಂದೆ ನೋಡಿದರು, ಬಾಗಿಲ ಕಡೆ ನೋಡಿದರು. ಅಣ್ಣಿಗೇರಿ ಬರುವ ತನಕ ಸೊಸೆಗಾಗಿ ಕಾದರು. ಅಣ್ಣಿಗೇರಿಯ ನಂತರ ಆಸೆ ಬಿಟ್ಟರು. ಅಷ್ಟರಲ್ಲಿ ರಾಯರು ಕಿಟಕಿಯ ಗಾಳಿಗೆ ಬಾಯಿ ತೆರೆದು ನಿದ್ದೆಹೋಗಿದ್ದರು.

ಸಂಜೆ ಮನೆಗೆ ಬಂದವರು ಹೆಂಡತಿಗೆ ಹೇಳಿದ್ದು ಇಷ್ಟೇ: "ಪದ್ಮಾ, ನನ್ನ ಟವೆಲ್ಲು ನೋಡಿದ ಕೂಡಲೇ ಮಂದಿ ಎದ್ದು ಜಾಗಾ ಬಿಟ್ಟರು." ಪದ್ಮಾಬಾಯಿ ಇದನ್ನು ಮರುದಿನ ನಳದ ಹತ್ತಿರ ನೆರೆಮನೆಯ ಅಮೃತವ್ವಗೆ ಹೇಳಿದರು. ಅಮೃತವ್ವನ ತವರು ಲಕ್ಷ್ಮೇಶ್ವರ. ಆಕೆ ಆ ವಾರವೇ ತವರಿಗೆ ಹೋಗಿ ಸುಂದರಾಬಾಯಿಯವರಿಗೆ, "ನಿಮ್ಮ ಅಳ್ಯಾರಿಗೆ ಗಾಡ್ಯಾಗ ಖಾಯಂ ಸೀಟು ಐತಂತ. ಹಸರ ವಸ್ತ್ರ ಹಾಸತಾರಂತ. ಅದರ ಮ್ಯಾಲೆ ಟೇಶನ್ ಮಾಸ್ತರ ಸುದ್ದಾ ಕುಂಡ್ರೂದಿಲ್ಲಂತ!" ಎಂದಳು. ಸುಂದರಾಬಾಯಿ ಅದನ್ನು ಗುಡಿಯಲ್ಲಿ ಹೇಳುವ ಹೊತ್ತಿಗೆ ರೈಲ್ವೆಯವರೇ ಅಳಿಯನನ್ನು ಕರೆದು ಸೀಟು ಕೊಟ್ಟಿದ್ದರು. ಸುದ್ದಿ ಶಿರಹಟ್ಟಿಯನ್ನು ಮುಟ್ಟುವಷ್ಟರಲ್ಲಿ ಸೀಟಿಗೆ ಗಾದಿಯೂ ಬಂದಿತ್ತು.

ಇತ್ತ ಗದಗಿನಲ್ಲಿ ನಡೆದದ್ದೇ ಬೇರೆ. ಎಂಟು ದಿನ ಕಳೆಯುವುದರೊಳಗೆ ಗಾಡಿಯಲ್ಲಿ ಇನ್ನೊಂದು ಹಸಿರು ಟವೆಲ್ಲು ಕಂಡಿತು. ಆಮೇಲೆ ನಾಲ್ಕು ಕಂಡವು. ಆಮೇಲೆ ಎಣಿಸುವುದನ್ನು ರಾಯರು ಬಿಟ್ಟರು. ಎಲ್ಲದಕ್ಕೂ ಅದೇ ಗಿಳಿಹಸಿರು ಮೈ, ಅದೇ ಕೆಂಪು ದಡಿ. ಅವರು ಬೆಟಗೇರಿಗೆ ಓಡಿದರು.

"ಒಂದ ಟವೆಲ್ಲಿಗೆ ಯಾರರ ಮಗ್ಗಕ್ಕ ಹಾಸು ಹೂಡತಾರೇನ್ರಿ ರಾಯರ?" ಎಂದ ಪುಂಡಲೀಕಪ್ಪ. ಈಗ ಅವನ ಬಾಯಿ ಖಾಲಿ ಇತ್ತು. "ನೂಲು ಹೂಡಿದ ಮ್ಯಾಲೆ ಮುಗಿಯೂತನಕ ನೇಯಬೇಕ. ನಿಮಗೊಂದು ಕೊಟ್ಟೆ, ಉಳಿದಾವನ್ನ ಉಪ್ಪಿನಕಾಯಿ ಹಾಕಲೇನು? ಮಂದಿ ಬಂದು 'ಸೀಟಿನ ಟವೆಲ್ಲು ಕೊಡ್ರಿ' ಅಂತಾರ. ಎರಡನೇ ಹಾಸೂ ಮುಗೀತು. ನಿಮ್ಮ ಉಪಕಾರ ದೊಡ್ಡದು, ಕುಂಡ್ರಿ, ಚಾ ಕುಡೀರಿ."

ರಾಯರು ಚಾ ಕುಡಿದರು, ನಿಂತುಕೊಂಡೇ.

ಅವರು ಮತ್ತೆ ಸಂಡಾಸದ ಬಾಗಿಲ ಕಂಬಿಗೆ ಮರಳಿದರು. ಆದರೆ ಮನೆಯಲ್ಲಿ ಅವರು ಇನ್ನೂ ಕುಳಿತೇ ಇದ್ದರು. ಸಂಜೆ ಪದ್ಮಾಬಾಯಿ, "ಇವತ್ತೂ ಕಿಟಕಿ ಹತ್ತರೇನ್ರಿ?" ಎಂದು ಕೇಳುವಾಗ ಅವರ ಮುಖದ ಮೇಲೆ ಒಂದು ಬೆಳಕಿರುತ್ತಿತ್ತು. ಅದನ್ನು ಆರಿಸುವ ಕೆಟ್ಟ ಮನಸ್ಸು ರಾಯರಿಗೆ ಬರಲಿಲ್ಲ. "ಹೂಂ, ಮತ್ತೆಲ್ಲಿ?" ಎನ್ನುತ್ತ ಬಾತುಕೊಂಡ ಕಾಲು ನೀವಿಕೊಳ್ಳುತ್ತಿದ್ದರು.

ಆಗ ಲಕ್ಷ್ಮೇಶ್ವರದಿಂದ ಖಬರು ಬಂತು. ಅನಂತರಾವ್‌ನ ಮಗಳು ಹುಬ್ಬಳ್ಳಿಯಲ್ಲಿ ಗಂಡು ಹಡೆದಿದ್ದಳು. ಮೊಮ್ಮಗಳ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಸುಂದರಾಬಾಯಿ ಹೊರಟಿದ್ದರು. ಹೋಗುವುದಾದರೆ ಅಳಿಯನ ಸೀಟಿನಲ್ಲೇ ಹೋಗುವುದು!

"ಅವ್ವಾ, ಹುಬ್ಬಳ್ಳಿ ಇರೂದು ಆ ಕಡೆ, ಗದಗ ಇರೂದು ಈ ಕಡೆ. ಇಲ್ಲಿಂದ ನೆಟ್ಟಗ ಹುಬ್ಬಳ್ಳಿಗೆ ಬಸ್ ಅದ," ಎಂದು ಅನಂತರಾವ್ ಭೂಗೋಳ ಕಲಿಸಲು ಹೋದ.

"ಬಸ್ಸಿನ್ಯಾಗ ನಿನ್ನ ಸೀಟು ಅದ ಏನು?" ಎಂದರು ಸುಂದರಾಬಾಯಿ. ಭೂಗೋಳ ಅಲ್ಲಿಗೆ ಮುಗಿಯಿತು.

ಹಿಂದಿನ ದಿನ ಸಂಜೆಯೇ ಅವರು ಗದಗಿಗೆ ಬಂದಿಳಿದರು. ಜೊತೆಗೆ ಅನಂತರಾವ್, ಇಬ್ಬರು ಓರಗಿತ್ತಿಯರು, ಮತ್ತು ಗಿಣಿಗಳ ಚಿತ್ರ ಬರೆದ ಒಂದು ದೊಡ್ಡ ಬಣ್ಣದ ತೊಟ್ಟಿಲು. ಬುತ್ತಿಗೆಂದು ಅವಲಕ್ಕಿಗೆ ಒಗ್ಗರಣೆ ಕಲಸುತ್ತಿದ್ದ ಸುಂದರಾಬಾಯಿ, "ಎಲ್ಲೆ ಅದ ಆ ವಸ್ತ್ರ? ತೋರಿಸ್ರಿ," ಎಂದು ಅರಿಷಿಣದ ಕೈಯಲ್ಲೇ ಟವೆಲ್ಲು ಹಿಡಿದು ನೋಡಿದರು. ಮೂಲೆಯಲ್ಲಿ ಐದು ಬೆರಳೂ ಹಳದಿಯಾಗಿ ಮೂಡಿದವು.

"ಛಲೋ ಅದ. ಅಳಿಯಂದಿರ, ನಾಳೆ ನಾ ಕಿಟಕಿ ಕಡೆ ಕುಂಡ್ರತೇನಿ. ಒಂದಿಷ್ಟು ಹೊತ್ತು," ಎಂದರು. ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳದ ಹೆಂಗಸು ಅದನ್ನು ಕೇಳಿದ ರೀತಿಗೆ ರಾಯರಿಗೆ ಇಲ್ಲವೆನ್ನಲಾಗಲಿಲ್ಲ.

"ಎಷ್ಟು ಹೊತ್ತರೆ ಕುಂಡ್ರಿ ಅತ್ತಿಯವರ," ಎಂದುಬಿಟ್ಟರು.

"ನೋಡೇ ಬಿಡೂಣು," ಎಂದ ಮೂಲೆಯಿಂದ ಅನಂತರಾವ್, ಕನ್ನಡಕ ಒರೆಸಿಕೊಳ್ಳುತ್ತ.

ಮರುದಿನ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡಲು ಸ್ಥಳವಿರಲಿಲ್ಲ. ಮಹಬೂಬಸಾಬ ತಾನಾಗಿ ಕೈ ಚಾಚಿದ. "ಕೊಡ್ರಿ ರಾಯರ. ಅಮ್ಮಾರು ಬಂದಾರ, ನಾ ಒಗೀತೇನಿ."

ರಾಯರು ಕೊಡುತ್ತಿದ್ದರು. ಆದರೆ ಅತ್ತೆ ನೋಡುತ್ತಿದ್ದರು. "ಬ್ಯಾಡ ಸಾಬ, ನಂದು ನಾನೇ ಒಗೀತೇನಿ," ಎಂದು ಎದೆಯುಬ್ಬಿಸಿದರು. ಮಹಬೂಬಸಾಬ ಆಕಾಶದ ಕಡೆ ನೋಡಿದ.

ಗಾಡಿ ಬಂತು. ರಾಯರು ಧೋತರ ಎತ್ತಿ ಓಡಿದರು, ಒಗೆದರು. ಟವೆಲ್ಲು ಸರಳಿನ ಸಂದಿಯಲ್ಲಿ ಹಾಯ್ದು, ಬೆಂಚು ಬಿಟ್ಟು ಮೇಲಕ್ಕೆ ಹಾರಿ, ಗಂಟುಮೂಟೆ ಇಡುವ ಹಲಗೆಯ ಮೇಲೆ ಬಿದ್ದು, ಅರ್ಧ ಕೆಳಗೆ ಜೋತುಬಿತ್ತು. ಟವೆಲ್ಲಿನ ಕಾನೂನಿನ ಪ್ರಕಾರ ರಾಯರಿಗೆ ಅಂದು ಸಿಕ್ಕ ಜಾಗ ಟ್ರಂಕುಗಳ ನಡುವೆ. ಕೆಳಗೆ ಮಾತ್ರ ಆ ತುದಿಯಿಂದ ಈ ತುದಿಯ ತನಕ ಒಂದೊಂದು ಬೆಂಚಿನ ಮೇಲೂ ಹಸಿರು ಟವೆಲ್ಲು, ಕೆಂಪು ದಡಿ. ಜೋಳದ ಹೊಲ ಹಬ್ಬಿದಂತೆ ಡಬ್ಬಿಯೆಲ್ಲ ಹಸಿರಾಗಿತ್ತು.

ರಾಯರ ಹಿಂದೆ ಅನಂತರಾವ್ ನಗಲು ಸಿದ್ಧನಾಗಿ ಬಾಯಿಗೆ ಕರವಸ್ತ್ರ ಹಿಡಿದಿದ್ದ. ಸುಂದರಾಬಾಯಿ ಕಿಟಕಿಗೆ ಮುಖ ಹಚ್ಚಿ ಒಳಗೆ ನೋಡಿದರು. ಈ ತುದಿ ನೋಡಿದರು, ಆ ತುದಿ ನೋಡಿದರು, ಮೇಲೂ ಒಂದು ಸಲ ನೋಡಿದರು. ಆಮೇಲೆ ಇಡೀ ಟೇಶನ್ನಿಗೆ ಕೇಳುವಂತೆ ಹೇಳಿದರು:

"ಅಯ್ಯ ನನ್ನ ಶಿವನ! ಒಂದು ಸೀಟು ಅಂದಿದ್ರಿ, ಇಡೀ ಡಬ್ಬೀನ ಹಿಡದೀರಲ್ಲಾ ಅಳಿಯಂದಿರ! ಅನಂತಾ, ಬಾಯಾಗಿನ ಅರಿಬಿ ತಗೀ, ತೊಟ್ಟಿಲಾ ಹತ್ತಿಸು."

ಹತ್ತಿದವರೇ ಸೆರಗು ಬಿಗಿದು, ಬೆಂಚುಗಳ ಮೇಲಿನ ಟವೆಲ್ಲುಗಳನ್ನು ಒಂದೊಂದಾಗಿ ಎತ್ತಿ, ಮಡಚಿ, ತೋಳಿನ ಮೇಲೆ ಹೇರಿಕೊಳ್ಳುತ್ತ ನಡೆದರು. ಓರಗಿತ್ತಿಯರು ಹಲಗೆಯ ಮೇಲಿಂದ ಜೋತುಬಿದ್ದದ್ದನ್ನೂ ಎಳೆದುಕೊಟ್ಟರು. ಟವೆಲ್ಲಿನ ಒಡೆಯರು ನೂಕಾಡುತ್ತ ಒಳಗೆ ಬರುವ ಹೊತ್ತಿಗೆ ಡಬ್ಬಿಯ ಆಸ್ತಿಪಾಸ್ತಿಯೆಲ್ಲ ಅವರ ಕೈಯಲ್ಲಿತ್ತು.

"ಅಜ್ಜೀ, ಅದು ನನ್ನ ಟವೆಲ್ಲರಿ!" ಎಂದು ಕೂಗಿದ ಅಸುಂಡಿಯ ಫಕ್ಕೀರಪ್ಪ. ದಿನವೂ ಬದನೆಕಾಯಿಯ ಬುಟ್ಟಿ ಹೊತ್ತು ಹುಬ್ಬಳ್ಳಿಗೆ ಹೋಗುವವನು.

"ನಿಂದು ಅನ್ನಲಿಕ್ಕೆ ಗುರುತು ಏನಪಾ?"

"ಹಸರ ಐತಿ, ದಡಿ ಕೆಂಪ ಐತಿ."

"ಇವೆಲ್ಲಾ ಹಸರೇ ಅವ, ಎಲ್ಲಾದರ ದಡೀನೂ ಕೆಂಪೇ ಅದ. ಹಂಗಾರ ಎಲ್ಲಾ ನಿಂದೇ ಏನು?"

ಫಕ್ಕೀರಪ್ಪ ಬುಟ್ಟಿ ಕೆಳಗಿಟ್ಟು ನಿಂತ. ಅವನ ಹಿಂದಿನವರೂ ನಿಂತರು. ಗುರುತಿಗೆಂದು ಹುಟ್ಟಿದ ಟವೆಲ್ಲಿಗೆ ಗುರುತೇ ಇರಲಿಲ್ಲ. ಡಬ್ಬಿಯ ಇತಿಹಾಸದಲ್ಲಿ ಮೊದಲ ಸಲ ಯಾವ ಜಾಗವೂ ಯಾರದೂ ಆಗಿರಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡಿದರು.

"ಗಾಬರಿ ಆಗಬ್ಯಾಡ್ರಿ. ನಮ್ಮ ಅಳಿಯಂದಿರ ಡಬ್ಬಿ ಇದು, ಯಾರನ್ನೂ ಹೊರಗ ನಿಲ್ಲಸೂದಿಲ್ಲ," ಎಂದರು ಸುಂದರಾಬಾಯಿ. ಅಲ್ಲಿಂದ ಮುಂದೆ ಡಬ್ಬಿ ಡಬ್ಬಿಯಾಗಿ ಉಳಿಯಲಿಲ್ಲ, ಗುಡಿಯ ಪಂಕ್ತಿಯಾಯಿತು. "ಸರೀರಿ, ಸರೀರಿ, ಇನ್ನೊಂದು ಎಲಿ ಹಿಡೀತದ ಅಲ್ಲೆ. ಮಕ್ಕಳು ತೊಡೀ ಮ್ಯಾಲೆ. ಬಸರಿ ಹೆಣ್ಣಮಗಳು ಗಾಳಿ ಬರೂ ಕಡೆ. ಬದನೀಕಾಯಿ ಬೆಂಚಿನ ಬುಡಕ. ಅಜ್ಜಾರಿಗೆ ಮೂಲಿ ಬಿಡ್ರಿ, ಆತಗೋಬೇಕಾಗತದ. ಯಾರಪಾ ಅಲ್ಲೆ ಕಾಲು ಚಾಚಿದಾಂವ? ನಿನ್ನ ಕಾಲಿಗೂ ಬ್ಯಾರೆ ಎಲಿ ಹಾಕಬೇಕೇನು?"

ಕಾಲು ಚಾಚಿದವನು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡ. ಮಹಬೂಬಸಾಬನನ್ನು ತೊಟ್ಟಿಲ ಕಾವಲಿಗೆ ಕೂಡ್ರಿಸಲಾಯಿತು. ಹುಲಕೋಟಿಯಲ್ಲಿ ಹತ್ತಿದವರಿಗೂ ಜಾಗ ಆಯಿತು. ತಾವೆಷ್ಟು ಅಗಲವಾಗಿ ಕೂಡುತ್ತಿದ್ದೆವೆಂಬುದು ಕುಳಿತವರಿಗೇ ಆಶ್ಚರ್ಯ.

ಅಣ್ಣಿಗೇರಿಯಲ್ಲಿ ಟಿಕೀಟು ನೋಡುವ ಸಾಹೇಬರು ಹತ್ತಿದರು. ದಿನವೂ ಅಡ್ಡಡ್ಡ ನುಗ್ಗಿ ಅಂಗಿಯ ಗುಂಡಿ ಹರಿದುಕೊಳ್ಳುತ್ತಿದ್ದವರು, ನಡುವಿನ ದಾರಿ ಖಾಲಿ ಇದ್ದದ್ದು ಕಂಡು ಬೇರೆ ಯಾವುದೋ ಗಾಡಿ ಹತ್ತಿದೆನೆಂದು ಇಳಿಯಹೋದರು.

"ಬರ್ರಿ ಸಾಹೇಬ್ರ, ಇದಽ ಡಬ್ಬಿ. ನಿಮ್ಮ ಕೆಲಸ ಮುಗಿಸಿ ಇಲ್ಲೆ ಕುಂಡ್ರಿ, ದಿನಾ ನಿಂತರ ಕಾಲು ಬಾವು ಬರತಾವ," ಎಂದರು ಸುಂದರಾಬಾಯಿ.

"ಯಾರ್ರಿ ಇದನ್ನೆಲ್ಲಾ ಮಾಡಿಸಿದವ್ರು?"

"ನಮ್ಮ ಅಳಿಯಂದಿರು. ಡಬ್ಬಿ ಅವರದು."

ಸಾಹೇಬರ ಹುಬ್ಬು ಟೊಪ್ಪಿಗೆಯೊಳಗೆ ಹೋಯಿತು. "ಡಬ್ಬಿ ಸರಕಾರದ್ದಲ್ರಿ? ಎಲ್ಲೆ ಅದಾರ ಅಳಿಯಂದಿರು?"

ಎಲ್ಲರೂ ಹುಡುಕಿದರು. ಸಂಡಾಸದ ಬಾಗಿಲ ಪಕ್ಕ, ಕಂಬಿ ಹಿಡಿದುಕೊಂಡು, ಇಡೀ ಡಬ್ಬಿಯಲ್ಲಿ ಒಬ್ಬರೇ ಒಬ್ಬರು ನಿಂತಿದ್ದರು. ಮಾರ್ತಾಂಡರಾಯರು!

ಅನಂತರಾವ್‌ಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. "ಅಲ್ಲಾ ಮಾರ್ತಾಂಡರಾವ್, ಡಬ್ಬೀ ಮಾಲಕರು ನಿಂತೀರಲ್ಲಾ? ನಿಮ್ಮ ಸೀಟು ಯಾವುದು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

"ಅಯ್ಯ, ಅವರು ದಿನಾಲೂ ಅಲ್ಲೇ ನಿಂದರತಾರಲ್ರಿ!" ಎಂದ ಫಕ್ಕೀರಪ್ಪ. ಪಾಪ, ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. "ನಾ ನೋಡಾಕ ಹತ್ತಿದಾಗಿಂದ ಒಂದಿನಾನೂ ಕುಂತಿಲ್ಲರಿ. ಒಂದಽ ದಿನ ಕುಂತಿದ್ರು, ಆವತ್ತೂ ನಿದ್ದಿ ಹತ್ತಿತ್ತು."

ರಾಯರು ಕಂಬಿಯ ಹಿಂದೆ ಅಡಗಲು ನೋಡಿದರು, ಕಂಬಿ ತೆಳ್ಳಗಿತ್ತು. ಮಹಬೂಬಸಾಬ ತೊಟ್ಟಿಲಿನೊಳಗೆ ಮುಖ ಬಗ್ಗಿಸಿದ.

ಸುಂದರಾಬಾಯಿ ಕಿಟಕಿಯ ಪಕ್ಕದಿಂದ ಮಗನ ಕಡೆ ತಿರುಗಿದರು.

"ಅನಂತಾ, ಗುಡಿಯೊಳಗ ಊಟಕ್ಕ ಕರದ ಯಜಮಾನ ಮೊದಲನೇ ಪಂಕ್ತಿಗೇ ಎಲಿ ಮುಂದ ಕುಂಡ್ರತಾನೇನು?"

"ಇಲ್ಲವ್ವಾ, ಆದರ..."

"ಎಲ್ಲಿ ನಿಲ್ಲತಾನ?"

ಅನಂತರಾವ್ ಮೆಲ್ಲಗೆ, "ಬಾಗಿಲದಾಗ," ಎಂದ.

"ಯಾಕ?"

"ಎಲ್ಲಾರೂ ಕೂತರೋ ಇಲ್ಲೋ ನೋಡಲಿಕ್ಕೆ."

"ಅಷ್ಟು ಗೊತ್ತಿದ್ದು ಕೇಳತೀಯಲ್ಲಾ, ಮಾಸ್ತರಕಿ ಹೆಂಗ ಮಾಡತೀಯೋ ನೀ?" ಎಂದರು ಸುಂದರಾಬಾಯಿ.

ಬಸುರಿ ಹೆಣ್ಣುಮಗಳು ಕಿಟಕಿಯ ಕಡೆಯಿಂದ, "ಖರೆ ಐತ್ರಿ," ಎಂದಳು. ಹುಲಕೋಟಿಯ ಮುದುಕ ಎರಡೂ ಕೈ ಎತ್ತಿ ರಾಯರಿಗೆ ಮುಗಿದ. ಫಕ್ಕೀರಪ್ಪ, "ತಪ್ಪ ಆತ್ರಿ ಯಜಮಾನ್ರ!" ಎಂದು ಎದ್ದುನಿಂತವನು ಅತ್ತೆಯ ಕಣ್ಣು ಕಂಡು ಮತ್ತೆ ಕುಳಿತ. ಟಿಕೀಟಿನ ಸಾಹೇಬರಿಗೆ ಏನೂ ತಿಳಿಯದಿದ್ದರೂ ಟೊಪ್ಪಿಗೆ ಸರಿಮಾಡಿಕೊಂಡು, ರಾಯರ ಪಾಸನ್ನು ಕೇಳದೆ ಮುಂದೆ ಹೋದರು. ರಾಯರು ಕುಸುಗಲ್ ದಾಟುವ ತನಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಅಷ್ಟು ಎತ್ತರದ ಮನುಷ್ಯರೆಂದು ಅವರಿಗೇ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದಾಗ ಸುಂದರಾಬಾಯಿ ಟವೆಲ್ಲುಗಳನ್ನೆಲ್ಲ ಪ್ರಸಾದ ಹಂಚಿದಂತೆ ಕೈಗೊಂದು ಹಂಚಿದರು. ಎಲ್ಲವೂ ಮುಗಿದ ಮೇಲೆ ಸೆರಗಿನೊಳಗಿಂದ ಇನ್ನೊಂದನ್ನು ತೆಗೆದು ಅಳಿಯನ ಹೆಗಲ ಮೇಲೆ ತಾವೇ ಹಾಕಿದರು. ಅದರ ಮೂಲೆಯಲ್ಲಿ ಐದು ಹಳದಿ ಬೆರಳು ಮೂಡಿದ್ದವು.

ರಾಯರು ಆ ಬೆರಳುಗಳನ್ನು ನೋಡಿದರು, ಅತ್ತೆಯ ಮುಖ ನೋಡಿದರು. "ಅತ್ತಿಯವರ... ನಿಮಗ ಮೊದಲೇ..."

"ಮ್ಯಾಲೆ ಗಂಟಿನ ಹಲಗೀ ಮ್ಯಾಲೆ ಜೋತಾಡಲಿಕ್ಕೆ ಹತ್ತಿತ್ತು. ನನ್ನ ಕೈ ನನಗ ಗುರುತು ಸಿಗೂದಿಲ್ಲೇನು?" ಎಂದರು ಸುಂದರಾಬಾಯಿ, ದನಿ ತಗ್ಗಿಸಿ. ತೊಟ್ಟಿಲು ಹೊತ್ತ ಅನಂತರಾವ್ ಮುಂದೆ ಹೋಗುತ್ತಿದ್ದ. "ಅಂವ ಹಿಂದ ನಿಂತು ನಗಲಿಕ್ಕೆ ತಯಾರಾಗಿದ್ದ. ನನ್ನ ಅಳಿಯನ್ನ ನೋಡಿ ಅಂವ ನಗೂದು ನನಗ ಬ್ಯಾಡಾಗಿತ್ತು."

ರಾಯರು ತುಟಿ ಅಲ್ಲಾಡಿಸಿದರು. ದನಿ ಎಂದಿನಂತೆ ಮೀಸೆಯ ಒಳಗೇ ಉಳಿಯಿತು.

"ಕುಂಡ್ರಲಿಕ್ಕೆ ಬರೂದಿಲ್ಲ ಅಂತ ನಿಮಗ ಅಂದಾಕಿ ನಾನೇ. ಖರೆ, ಬರೂದಿಲ್ಲ ನಿಮಗ," ಎಂದರು ಅವರು. "ಆದರ ಇಷ್ಟು ವರ್ಷ ದಿನಾ ನಿಂತು ಹೋಗಿ ನಿಂತು ಬಂದು, ನನ್ನ ಮಗಳನ್ನ ರಾಣಿ ಹಂಗ ಕುಂಡ್ರಿಸೀರಿ. ನಡೀರಿ, ತೊಟ್ಟಿಲದಾಗ ಕೂಸು ಹಾಕೂದು ನಿಮ್ಮ ಕೈಲೇ."

ಸುಂದರಾಬಾಯಿ ಸಂಜೆ ನೆಟ್ಟನೆಯ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದರು. ಕಂಡಕ್ಟರನಿಗೆ ಅಳಿಯನ ಡಬ್ಬಿಯ ಸುದ್ದಿಯನ್ನು ಲಕ್ಷ್ಮೇಶ್ವರ ಬರುವ ತನಕ ಹೇಳಿದರಂತೆ.

ಮರುದಿನ ಮುಂಜಾನೆ ಗಾಡಿ ಪ್ಲಾಟ್‌ಫಾರ್ಮಿಗೆ ಬಂದಾಗ ಮಾರ್ತಾಂಡರಾಯರು ಓಡಲಿಲ್ಲ. ಟವೆಲ್ಲು ಹೆಗಲ ಮೇಲೇ ಇತ್ತು. ಪದ್ಮಾಬಾಯಿ ಎಷ್ಟು ಕೇಳಿದರೂ ಅದನ್ನು ಸಾಬೂನು ಹಚ್ಚಿ ಒಗೆಯಲು ಅವರು ಕೊಟ್ಟಿರಲಿಲ್ಲ. ಮಹಬೂಬಸಾಬ ಒಂದು ಜಾಗ ಹಿಡಿದು, "ರಾಯರ, ಬರ್ರಿ, ಕುಂಡ್ರಿ," ಎಂದು ಕರೆದ. ರಾಯರು ತಲೆಯಾಡಿಸಿ, ಸಂಡಾಸದ ಬಾಗಿಲ ಕಂಬಿಯ ಹತ್ತಿರ ಹೋಗಿ ನಿಂತು, ಡಬ್ಬಿಯ ಆ ತುದಿಯಿಂದ ಈ ತುದಿಯ ತನಕ ಒಮ್ಮೆ ಕಣ್ಣಾಡಿಸಿದರು. ಆಮೇಲೆ, ಮೀಸೆಯನ್ನು ದಾಟಿ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ ಹೇಳಿದರು:

"ಸರೀರಿ, ಸರೀರಿ. ಅಲ್ಲೆ ಇನ್ನೊಂದು ಎಲಿ ಹಿಡೀತದ."